ಅಗಳಿಯಿಲ್ಲದ ಬಾಗಿಲು

ಕರಿಗುಡ್ಡದಲ್ಲಿ ದನದ ಕೊಟ್ಟಿಗೆಗೂ ಅಗಳಿ ಇದೆ. ಇಲ್ಲದ್ದು ಒಂದೇ ಒಂದು ಮನೆಗೆ. ಕೋಟೆಯ ಹೆಬ್ಬಾಗಿಲಿಗೆ ಆ ಊರವರು ಅಗಸಿ ಅನ್ನುತ್ತಾರೆ. ಅಗಸಿಯ ಬಲಕ್ಕೆ ಅಂಟಿಕೊಂಡಿರುವ ಆ ಮನೆಯ ಕದ ತೇಗದ್ದು, ಕಾಲದ ಹೊಗೆ ಹಿಡಿದು ಕಪ್ಪಾಗಿದೆ. ಒಳಗಿನಿಂದ ಹಾಕಲು ಅಗಳಿಯಿಲ್ಲ, ಹೊರಗಿನಿಂದ ಹಾಕಲು ಚಿಲಕವಿಲ್ಲ. ಮಲಗುವಾಗ ಆ ಮನೆಯ ಯಜಮಾನ ಫಕೀರಪ್ಪ ಒಂದು ಗುಂಡುಕಲ್ಲನ್ನು ಕದಕ್ಕೆ ಒತ್ತಿ ಇಡುತ್ತಾನೆ. ಅದೂ ನಾಯಿ ನುಗ್ಗಬಾರದೆಂದು.

ಇನ್ನೂರ ನಲವತ್ತು ವರ್ಷದ ಕೆಳಗೆ ಸುಂಕಾಪುರದ ಸರದಾರ ಕರಿಗುಡ್ಡದ ಕೋಟೆಗೆ ಮುತ್ತಿಗೆ ಹಾಕಿದ್ದ. ಐವತ್ತೈದು ದಿನ ಕೋಟೆ ಜಗ್ಗಲಿಲ್ಲ. ಐವತ್ತಾರನೆಯ ದಿನ ಅಗಸಿ ಒಳಗಿನಿಂದ ತೆರೆಯಿತು. ತೆರೆದವನು ಅಗಸಿಯ ಕಾವಲುಗಾರ ಭರಮಪ್ಪ ಎಂದು ಊರೆಲ್ಲ ಹೇಳಿತು. ಏಳು ಓಣಿಯ ಹಿರಿಯರು ವಿಭೂತಿ ಮುಟ್ಟಿ ಆಣೆ ಮಾಡಿದರು: ಭರಮಪ್ಪನ ಮನೆಯ ಕದಕ್ಕೆ ಅಗಳಿ ಇರಕೂಡದು, ಊರ ಕಮ್ಮಾರ ಅದನ್ನು ಬಡಿದು ಕೊಡಕೂಡದು. ಅಂದಿನಿಂದ ಅದು ‘ತೆಗೆದವರ ಮನೆ’. ಆ ಮನೆಯ ಕಡ್ಡಿಯನ್ನೂ ಮುಟ್ಟಬೇಡ, ಕೈ ಸೇದಿ ಒಣಗಿಹೋಗುತ್ತದೆ ಎಂದು ತಾಯಂದಿರು ಮಕ್ಕಳಿಗೆ ಹೇಳುತ್ತ ಬಂದರು. ಫಕೀರಪ್ಪನ ಅಪ್ಪ ಒಮ್ಮೆ ಗದಗಿನಿಂದ ಅಗಳಿ ತಂದು ಬಡಿದಿದ್ದನಂತೆ. ಆ ದಿನವೇ ಓಣಿಗೊಬ್ಬರಂತೆ ಏಳು ಜನ ಬಂದು ಅಂಗಳದಲ್ಲಿ ಮಾತಿಲ್ಲದೆ ನಿಂತರಂತೆ. ಹೊತ್ತು ಮುಳುಗುವುದರೊಳಗೆ ಅವನೇ ಅದನ್ನು ಕಿತ್ತು ಬಾವಿಗೆ ಹಾಕಿದ.

ಫಕೀರಪ್ಪ ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ನಡೆಸಿದವನು. ಅಲ್ಲಿ ತಾನೇ ಕಡೆದ ಒಂದು ಕಬ್ಬಿಣದ ಅಗಳಿಯನ್ನು ಹಳೆಯ ಧೋತರದಲ್ಲಿ ಸುತ್ತಿ ಜೋಳ ತುಂಬಿಡುವ ಹಗೇವಿನ ಪಕ್ಕದ ಗೂಡಿನಲ್ಲಿ ಇಟ್ಟಿದ್ದ. ಅಮಾವಾಸ್ಯೆಗೊಮ್ಮೆ ಬಿಚ್ಚಿ, ಎಣ್ಣೆ ಸವರಿ, ಮತ್ತೆ ಕಟ್ಟುತ್ತಿದ್ದ. ಮಗಳು ಕಸ್ತೂರಿಗೆ ಈಗ ನಲವತ್ತೊಂದು. ಸಣ್ಣವಳಿದ್ದಾಗಿನಿಂದ ಅವಳು ಆ ಎಣ್ಣೆಯ ವಾಸನೆ ಬಲ್ಲಳು.

“ಈ ಸಲ ಬಡೀತೀನಿ ನೋಡು,” ಅಂದ ಫಕೀರಪ್ಪ, ಬಟ್ಟೆ ಮಡಿಸುತ್ತ. “ಗೌಡರು ಕ್ವಾಟಿ ಕಮಿಟಿ ಮುಂದ ಮಾತು ಕೊಟ್ಟಾರ. ನಿಮ್ಮ ಮಷೀನು ಭರಮಪ್ಪ ತಗದಿಲ್ಲ ಅಂದ್ರ, ಹಲಗಿ ಬಾರಿಸಿ ಅಗಳಿ ಹಾಕಸ್ತಾರಂತ.”

“ಮತ್ತ ತಗದಾನ ಅಂದ್ರ?”

“ಅನ್ನಂಗಿಲ್ಲ. ನೀ ಅದೀಯಲ್ಲ ಅಲ್ಲಿ.”

ಕಸ್ತೂರಿ ಚೀಲ ಹೆಗಲಿಗೆ ಹಾಕಿಕೊಂಡಳು. ಬಸ್ಸಿಗೆ ಹೊತ್ತಾಗಿತ್ತು.

*

ಯಂತ್ರದ ಹೆಸರು ‘ಸಂಧಾನ’. ಜಿಲ್ಲಾ ಕೇಂದ್ರದ ಹೊರಗೆ, ಹಳೆಯ ಹತ್ತಿ ಗೋದಾಮಿನಲ್ಲಿ ಅದನ್ನು ಕೂಡಿಸಿದ್ದರು. ಅದು ಕಳೆದ ಕಾಲವನ್ನು ತೋರಿಸುವ ಕನ್ನಡಿಯಲ್ಲ. ಅದಕ್ಕೆ ಗೊತ್ತಿರುವುದು ನಾಲ್ಕೇ ಪ್ರಶ್ನೆ. ಈ ಜಗಳದಲ್ಲಿ ಯಾರು ಯಾರಿದ್ದಾರೆ? ಒಬ್ಬೊಬ್ಬರ ಕೈಯಲ್ಲಿ ಏನೇನಿದೆ? ಯಾರಿಗೆ ಯಾವುದು ಹೆಚ್ಚು ಬೇಕು, ಯಾವುದು ಸುತರಾಂ ಬೇಡ? ಒಬ್ಬ ಒಂದು ಹೆಜ್ಜೆ ಇಟ್ಟರೆ ಮಿಕ್ಕವರು ಏನು ಮಾಡಿಯಾರು? ಇಷ್ಟನ್ನು ತುಂಬಿಸಿದರೆ ಅದು ಆ ಜಗಳವನ್ನು ಸಾವಿರಾರು ಸಲ ಆಡಿ ನೋಡುತ್ತದೆ. ಹುಲಿ-ಕುರಿ ಆಟದಲ್ಲಿ ಒಂದು ಹೊತ್ತು ಬರುತ್ತದಲ್ಲ, ಹುಲಿ ಕದಲಿದರೆ ಹುಲಿಗೆ ಕೇಡು, ಕುರಿ ಕದಲಿದರೆ ಕುರಿಗೆ ಕೇಡು, ಇಬ್ಬರೂ ಕೈ ಹಿಂದೆ ತೆಗೆದುಕೊಂಡು ಕೂತುಬಿಡುತ್ತಾರೆ. ಅಂಥ ಜಾಗಕ್ಕೆ ಅಲ್ಲಿಯವರು ‘ನಿಲುಗಡೆ’ ಎಂದು ಹೆಸರಿಟ್ಟಿದ್ದರು. ಯಾವ ಯುದ್ಧವೂ ಕೊನೆಗೆ ಒಂದು ನಿಲುಗಡೆಗೆ ಬಂದೇ ಮುಗಿಯುತ್ತದೆ.

ಮುಂದಿನ ವರ್ಷ ಅದನ್ನು ಬದುಕಿರುವವರ ಜಗಳಗಳಿಗೆ ಹಚ್ಚುವುದಿತ್ತು. ಅದಕ್ಕೆ ಮೊದಲು, ಕೊನೆ ಗೊತ್ತಿರುವ ಹಳೆಯ ಯುದ್ಧವೊಂದನ್ನು ಅದರ ಕೈಗೆ ಕೊಟ್ಟು, ಅದೇ ಕೊನೆಗೆ ತಾನಾಗಿ ಬರುತ್ತದೆಯೇ ನೋಡಬೇಕಿತ್ತು. ಕರಿಗುಡ್ಡದ ಮುತ್ತಿಗೆಗೆ ಊರ ಚರಿತ್ರೆ ಬರೆದಿಟ್ಟ ಕೈಫಿಯತ್ತು ಇತ್ತು, ಕೋಟೆಯ ಒಡೆಯ ದೇಸಾಯಿಯ ಪತ್ರಗಳಿದ್ದವು, ಲಾವಣಿಗಳಿದ್ದವು, ಕೋಟೆಯ ಹೊಂಡದ ಕೆಸರಿನ ಪದರುಗಳಿದ್ದವು. ಅದನ್ನೆಲ್ಲ ಓದಿ, ಯಾರಿಗೆ ಏನು ಬೇಕಿತ್ತು ಎಂದು ಯಂತ್ರಕ್ಕೆ ಬರೆದುಕೊಡುವುದು ಕಸ್ತೂರಿಯ ಕೆಲಸ.

ನಲವತ್ತು ಸಾವಿರ ಸಲ ಆಡಿದರೂ ಅಗಸಿ ಒಮ್ಮೆಯೂ ತೆರೆಯಲಿಲ್ಲ.

“ನಿಮ್ಮ ಭರಮಪ್ಪ ಕದಲವಲ್ಲ,” ಅಂದರು ಮೆಹಬೂಬ ನದಾಫ. ಯಂತ್ರದ ಹೊಣೆ ಹೊತ್ತವರು ಅವರು. ತಲೆ ನರೆತಿತ್ತು, ಚಹಾ ಬಿಟ್ಟರೆ ಬೇರೆ ಚಟವಿರಲಿಲ್ಲ. “ಯಾಕ ತಗೀಬೇಕು ಅಂವ? ತಗದ್ರ ಊರು ಉಗುಳತೈತಿ. ಸುಂಕಾಪುರದವರು ಅಂವಗ ಏನರ ಕೊಟ್ರೇನು? ಕೊಟ್ಟಿಲ್ಲ. ಕೊಟ್ಟಿದ್ರ ನಿಮ್ಮ ಮನಿ ಹಿಂಗ ಮಣ್ಣಿನ ಮಾಳಿಗಿ ಆಗಿ ಉಳೀತಿರಲಿಲ್ಲ.”

“ಹಂಗಂದ್ರ ಅಂವ ತಗದೇ ಇಲ್ಲ ಅಂತೀರೇನ್ರಿ?”

“ಮತ್ತ ಕ್ವಾಟಿ ಹೆಂಗ ಬಿತ್ತು?”

ಮೂರು ದಿನ ಬಿಟ್ಟು ಯಂತ್ರ ತಾನೇ ಒಂದು ದಾರಿ ಹುಡುಕಿತು. ಕೋಟೆಯ ಹೊಂಡ ಕಾಯುತ್ತಿದ್ದ ‘ನೀರಿನವರ’ ಮನೆತನ ತೂಬು ಎತ್ತಿ ನೀರು ಹರಿಯಬಿಟ್ಟಿದ್ದರೆ, ಬಾಯಾರಿಕೆ ತಾಳದೆ ದೇಸಾಯಿಯೇ ಅಗಸಿ ತೆಗೆಸುತ್ತಿದ್ದ. ನೂರಕ್ಕೆ ಅರವತ್ತೊಂದು ಸಲ ಹಾಗೆ ಹೊಂದಿತು. ಭರಮಪ್ಪ ಶುದ್ಧ.

“ಹೊಂದತೈತಿ ಖರೆ,” ಅಂದರು ನದಾಫ, ಗಡ್ಡ ಕೆರೆದುಕೊಂಡು. “ಸಾಕ್ಷಿ ಒಂದೂ ಇಲ್ಲ. ನೋಡ್ರಿ, ನೀವ ಹೇಳಬೇಕು.”

ಬಸ್ಸಿನಲ್ಲಿ ಬರುವಾಗ ಕಸ್ತೂರಿಗೆ ಅಗಳಿಯ ಎಣ್ಣೆಯ ವಾಸನೆ ಮೂಗಿಗೆ ಬಡಿದಂತಾಯಿತು. ಹಗುರಾಗಬೇಕಿದ್ದ ಎದೆ ಹಗುರಾಗಲಿಲ್ಲ.

*

ನೀರಿನವರ ಮನೆಯಲ್ಲಿ ಉಳಿದವಳು ಒಬ್ಬಳೇ, ತುಳಸವ್ವ. ಮರುದಿನ ಬೆಳಿಗ್ಗೆ ಅವಳು ಎರಡೂ ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು, ಫಕೀರಪ್ಪನ ಮನೆಯ ಕದವನ್ನು ಕಾಲಿನಿಂದ ದೂಡಿಕೊಂಡು ಒಳಗೆ ಬಂದಳು. ಊರಲ್ಲಿ ಆ ಮನೆಗೆ ಕಾಲಿಡುವವಳು ಅವಳೊಬ್ಬಳೇ.

“ನಿಮ್ಮ ಮನಿ ಚಲೋ ನೋಡವಾ, ಕದಾ ಬಡಿಯೂ ತ್ರಾಸಿಲ್ಲ. ಒಂಚೂರು ಹೆಪ್ಪು ಹಾಕು.”

“ಕೈ ಸೇದಿ ಹೋಗತಾವ ಆಯಿ, ನಮ್ಮ ಮನೀದು ಮುಟ್ಟಿದ್ರ,” ಎಂದಳು ಕಸ್ತೂರಿ.

“ಹೋಗಲಿ ಬಿಡು, ಎಂಬತ್ತು ವರ್ಷ ದುಡದಾವ. ಅಲ್ಲ, ನನ್ನ ಮನಿಗೆ ಎರಡು ಅಗಳಿ ಅದಾವ, ಕಳ್ಳ ಮೂರು ಸಲ ಬಂದಾನ. ನಿಮ್ಮಲ್ಲಿ ಇಷ್ಟು ವರ್ಷದಾಗ ಒಂದು ಚಮಚೆರ ಹೋಗೇತೇನು? ಫಕೀರಪ್ಪ, ನೀ ಖರೇ ಹೇಳು.”

“ಹೋಗಿಲ್ಲ,” ಅಂದ ಫಕೀರಪ್ಪ. “ಕಳ್ಳಗೂ ನಾವು ಹೇಸಿಗಿ.”

ಅವಳು ನಗುತ್ತ ಹೋದಳು. ಅವಳು ಹೋದ ಸ್ವಲ್ಪ ಹೊತ್ತಿಗೆ ಸಂಗನಗೌಡರು ಬಂದರು. ಅವರು ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು ಕೊಡೆ ಊರಿಕೊಂಡರು. ಕೋಟೆ ಕಮಿಟಿಗೆ ಅವರೇ ಹಿರಿಯರು.

“ಸುದ್ದಿ ಬಂತು ತಂಗಿ. ನೀರಿನವರ ಕೆಲಸ ಅಂತಲ್ಲ? ಹುಣ್ಣಿವಿ ದಿನಾನ ಅಗಸಿ ಮುಂದ ಸಭಾ ಕರೀತೀನಿ. ಹಲಗಿಯವರಿಗೂ ಹೇಳೀನಿ.”

“ಅದು ಇನ್ನೂ ನಕ್ಕಿ ಆಗಿಲ್ರಿ ಗೌಡ್ರ. ಸಾಕ್ಷಿ ಇಲ್ಲ.”

“ನಿಮ್ಮ ಮ್ಯಾಲ ಮಾತ್ರ ಏನು ಸಾಕ್ಷಿ ಇತ್ತು?” ಗೌಡರು ಮೆಲ್ಲಗೆ ನಕ್ಕರು. “ತುಳಸವ್ವಗ ಹಿಂದಿಲ್ಲ ಮುಂದಿಲ್ಲ. ಮುದುಕಿ ಎಷ್ಟು ದಿನ ಇರತಾಳ? ಯಾರಿಗೂ ನೋವಾಗಂಗಿಲ್ಲ. ನಿಮ್ಮಪ್ಪಗ ಒಂದು ಸಮಾಧಾನ.”

ಅವರು ಹೋದ ಮೇಲೆ ಫಕೀರಪ್ಪ ಒಳಗೆ ತಿರುಗಿ ನೋಡಿದ. ಮೊಸರಿನ ಗಡಿಗೆಯ ಮುಚ್ಚಳ ತೆಗೆದೇ ಇತ್ತು. ಎದ್ದು ಅದನ್ನು ಮುಚ್ಚಿದ.

“ಆಕಿ ಮನೀದು ಎರಡೂ ಅಗಳಿ ಕಿತ್ತಸ್ತಾರೇನು?” ಎಂದ.

“ಗೊತ್ತಿಲ್ಲಪ್ಪಾ.”

“ಮತ್ತೊಮ್ಮೆ ನೋಡು. ಸರಿಯಾಗಿ ನೋಡು.”

*

ಕೈಫಿಯತ್ತು ಬರೆದದ್ದು ಕಡತದಲ್ಲಿ. ಕಪ್ಪು ಹಚ್ಚಿದ ಬಟ್ಟೆಯನ್ನು ಮಡಿಸಿ ಬಳಪದಿಂದ ಬರೆದ ಪುಸ್ತಕ. ಅದರ ಅಚ್ಚಿನ ಪ್ರತಿ ಕಸ್ತೂರಿಗೆ ಬಾಯಿಪಾಠ. ಆದರೂ ಅಪ್ಪ ಹೇಳಿದನೆಂದು ಅವಳು ಮೂಲ ಕಡತದ ಚಿತ್ರವನ್ನು ದೊಡ್ಡದು ಮಾಡಿಕೊಂಡು, ಬೆರಳಿಟ್ಟು, ಮೊದಲಿನಿಂದ ಓದುತ್ತ ಕೂತಳು. ಕಾಳು ಹಸನು ಮಾಡುವವರು ಕಲ್ಲು ಆರಿಸುವ ಹಾಗೆ ಒಂದೊಂದೇ ಅಕ್ಷರ.

ಊಟದ ಹೊತ್ತಿಗೆ ಅವಳ ಬೆರಳು ನಿಂತಿತು.

ಅಗಸಿ ತೆರೆದದ್ದು ಫಾಲ್ಗುಣ ಶುದ್ಧ ತ್ರಯೋದಶಿ. ಅದು ಎಲ್ಲರಿಗೂ ಗೊತ್ತು. ಆದರೆ ಏಳು ಓಣಿಯ ಹಿರಿಯರು ವಿಭೂತಿ ಮುಟ್ಟಿ, ಭರಮಪ್ಪನ ಮನೆಗೆ ಅಗಳಿ ಇರಕೂಡದೆಂದು ಆಣೆ ಮಾಡಿದ ದಿನ ದಶಮಿ.

ಮೂರು ದಿನ ಮೊದಲು.

ಅಚ್ಚಿನ ಪ್ರತಿಯಲ್ಲಿ ಅದು ಚತುರ್ದಶಿ ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಲಿಪಿಕಾರನ ತಪ್ಪನ್ನು ತಿದ್ದಿದೆ’ ಎಂದು ಬರೆದಿತ್ತು. ಆ ಸಾಲನ್ನು ಕಸ್ತೂರಿ ಹಿಂದೆಯೂ ಓದಿದ್ದಳು. ಓದಿ, ಹೌದಲ್ಲ ಅಂದುಕೊಂಡು, ಯಂತ್ರಕ್ಕೆ ಚತುರ್ದಶಿ ಎಂದೇ ತುಂಬಿದ್ದಳು. ಕರಿಗುಡ್ಡದಲ್ಲಿ ಹುಟ್ಟಿದ ಯಾರಾದರೂ ಹಾಗೆಯೇ ತುಂಬುತ್ತಿದ್ದರು. ತಪ್ಪು ಮೊದಲು, ಶಿಕ್ಷೆ ಆಮೇಲೆ. ಅದರಲ್ಲಿ ಕೇಳುವುದೇನಿದೆ? ಅವಳ ಮೈಯೊಳಗೇ ಆ ತಾರೀಖು ತಿದ್ದಿ ಕೂತಿತ್ತು.

ಚತುರ್ದಶಿಯನ್ನು ಅಳಿಸಿದಳು. ದಶಮಿ ಎಂದು ತುಂಬಿದಳು. ಊರ ಜನರನ್ನು ದೇಸಾಯಿಯಿಂದ ಬೇರೆ ಮಾಡಿ, ಏಳು ಓಣಿಗಳನ್ನು ಏಳು ಆಟಗಾರರಾಗಿ ಬರೆದಳು.

ಯಂತ್ರ ನೂರಕ್ಕೆ ತೊಂಬತ್ತೇಳು ಸಲ ಒಂದೇ ಕಡೆ ನಿಂತಿತು.

ನದಾಫರು ತೆರೆಯ ಮುಂದೆ ಚಹಾ ಮರೆತು ನಿಂತರು. ಬಿಡಿಸಿ ನೋಡಿದರೆ ಲೆಕ್ಕ ಸರಳವಾಗಿತ್ತು. ದೇಸಾಯಿ ಶತ್ರುವಿಗೆ ಶರಣಾಗೆನೆಂದು ತನ್ನ ಮೇಲಿನ ದೊರೆಗೆ ಮಾತು ಕೊಟ್ಟವನು; ಶರಣಾದರೆ ವಂಶವೇ ಉಳಿಯುತ್ತಿರಲಿಲ್ಲ, ಒಳಗಿನವರ ಮೋಸದಿಂದ ಕೋಟೆ ಬಿದ್ದರೆ ಉಳಿಯುತ್ತಿತ್ತು. ಏಳು ಓಣಿಗಳಲ್ಲಿ ಕಾಳು ಇದ್ದದ್ದು ಎಂಟು ದಿನಕ್ಕೆ. ಅವರಿಗೂ ಅಗಸಿ ತೆರೆಯಬೇಕಿತ್ತು; ತೆರೆದ ಕೈ ತಮ್ಮದಾಗಬಾರದಿತ್ತು. ಕೈಯಿದ್ದವನು ಭರಮಪ್ಪ ಒಬ್ಬ. ಅವನಿಗೆ ಇದ್ದ ಹೆದರಿಕೆ ಒಂದೇ: ಇಂದು ಬೇಡಿಕೊಂಡವರೇ ನಾಳೆ ನನ್ನ ಹೆಂಡತಿ ಮಕ್ಕಳನ್ನು ಕೊಂದರೆ? ಅದಕ್ಕೆ ಒಂದು ಆಣೆ ಬೇಕಿತ್ತು. ಆಡಿದವರು ಸತ್ತ ಮೇಲೂ ಉಳಿಯುವಂಥ ಆಣೆ. ಹೊರಗಿನವರಿಗೆ ಶಿಕ್ಷೆಯಂತೆ ಕಾಣಬೇಕು, ಒಳಗಿನವರಿಗೆ ಕಟ್ಟುಪಾಡಾಗಬೇಕು. ಕದಕ್ಕೆ ಅಗಳಿಯಿಲ್ಲದ ಮನೆಯನ್ನು ಕಾಯಬೇಕಾದವರು ಊರವರೇ.

“ಒಂದು ಚಮಚೆನೂ ಹೋಗಿಲ್ರಿ,” ಅಂದಳು ಕಸ್ತೂರಿ. “ಇನ್ನೂರ ನಲವತ್ತು ವರ್ಷ. ನಮ್ಮನ್ನ ಕಾದಾರ್ರಿ ಇವರು.”

“ಯಾಕ ಕಾಯಾಕತ್ತೀವಿ ಅನ್ನೂದು ಮರತು ಕಾದಾರ,” ಅಂದರು ನದಾಫ. ಆರಿದ ಚಹಾ ಕೈಗೆತ್ತಿಕೊಂಡು ಹೇಳಿದರು, “ಹೇಳೂಕಿಂತ ಮೊದಲ ಒಂದು ಕೆಲಸ ಮಾಡ್ರಿ. ಈಗಿನ ಕರಿಗುಡ್ಡಾನೂ ಹಾಕಿ ನೋಡ್ರಿ.”

ಅವಳು ಹಾಕಿದಳು. ಗೌಡರು, ಓಣಿಗಳು, ತುಳಸವ್ವ, ಅಪ್ಪ. ಮೂರು ದಾರಿ: ಸುಮ್ಮನಿರುವುದು, ನೀರಿನವರ ಮೇಲೆ ಹಾಕುವುದು, ಇದ್ದದ್ದನ್ನು ಹೇಳುವುದು. ಮೊದಲ ಎರಡೂ ನಿಂತವು. ತುಳಸವ್ವನ ಮೇಲೆ ಹಾಕಿದ ದಾರಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿತು. ಮೂರನೆಯದು ನಿಲ್ಲಲೇ ಇಲ್ಲ. ಹೇಳಿದ ಕೂಡಲೆ ಎಲ್ಲರೂ ಕದಲುತ್ತಿದ್ದರು. ಮುಟ್ಟಿದರೆ ಕೈ ಸೇದಿಹೋಗುವ ಮನೆಯಾಗಿದ್ದಕ್ಕೆ ಅದು ಉಳಿದಿತ್ತು. ಆ ಹೆದರಿಕೆ ಹೋದರೆ ಕಾವಲೂ ಹೋಗುತ್ತದೆ ಎಂದಿತು ಯಂತ್ರ.

“ಜನಾ ಇದಕ್ಕಿಂತ ಚಲೋ ಇರಬಹುದ್ರಿ,” ಅಂದಳು.

“ಇರಬಹುದು,” ಅಂದರು ನದಾಫ. ಅವರ ದನಿಯಲ್ಲಿ ಹುರುಪಿರಲಿಲ್ಲ. “ನಿಮ್ಮ ಕೈಯಾಗ ಐತಿ.”

*

ಹುಣ್ಣಿಮೆಯ ಮಧ್ಯಾಹ್ನ ಅಗಸಿಯ ಮುಂದೆ ಜನ ಕೂಡಿದರು. ಹಲಗೆಯವರು ಬೆಂಕಿಗೆ ಹಲಗೆ ಕಾಸುತ್ತ ಕೂತಿದ್ದರು. ಕಾವಲುಗಾರರು ಕೂರುತ್ತಿದ್ದ ಕಲ್ಲಿನ ಕಟ್ಟೆಯ ಮೇಲೆ ಹುಲಿ-ಕುರಿಯ ಮನೆ ಕೊರೆದದ್ದು ಇನ್ನೂ ಇದೆ; ಕಸ್ತೂರಿ ಅದರ ಪಕ್ಕದಲ್ಲಿ ನಿಂತಳು. ಫಕೀರಪ್ಪ ಮಡಿ ಧೋತರ ಉಟ್ಟು, ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ತುಳಸವ್ವ ಹಿಂದೆ ಹೆಂಗಸರ ನಡುವೆ ಕಡಲೆ ತಿನ್ನುತ್ತಿದ್ದಳು.

ಹಿಂದಿನ ಸಂಜೆ ಮಗಳು ಅಪ್ಪನಿಗೆ ಎಲ್ಲ ಹೇಳಿದ್ದಳು, ಯಂತ್ರ ಕೊನೆಗೆ ಹೇಳಿದ್ದನ್ನೂ ಬಿಡದೆ. ಅವನು ಕೇಳಿದ್ದು ಒಂದೇ: “ತುಳಸವ್ವನ ಹೆಸರು ಬರಂಗಿಲ್ಲ ಹೌದಲ್ಲ?”

ಕಸ್ತೂರಿ ದಶಮಿಯಿಂದ ಶುರುಮಾಡಿದಳು. ಎಂಟು ದಿನದ ಕಾಳು, ಏಳು ಹಿರಿಯರು, ವಿಭೂತಿ. ಎಲ್ಲವನ್ನೂ ಸಾವಕಾಶವಾಗಿ, ಮಕ್ಕಳಿಗೂ ತಿಳಿಯುವ ಹಾಗೆ ಹೇಳಿದಳು. “ಭರಮಪ್ಪ ತಗದಾನ. ನಿಮ್ಮ ನಮ್ಮ ಎಲ್ಲಾರ ಹಿರ್‍ಯಾರು ಕೂಡಿ ತಗಸ್ಯಾರ. ತಗದಿದ್ದಕ್ಕ ನಾವು ಇವತ್ತು ಇಲ್ಲಿ ಕುಂತೀವಿ. ಅಂವನ ಮನಿ ನಾವು ಕಾಯ್ತೀವಿ ಅಂತ ಆಣೆ ಮಾಡಿದ್ರು, ಕಾದೀರಿ. ನಿಮಗ ಕೈ ಮುಗೀತೀನಿ.”

ಹಲಗೆಯವನೊಬ್ಬ ಬೆಂಕಿಯಿಂದ ಹಲಗೆ ಹಿಂದೆ ಸರಿಸಿದ.

“ಅಂದ್ರ ನಮ್ಮ ಮುತ್ತ್ಯಾನೂ ತಗದವನ ಅಂತೀ?” ಎಂದು ಮೇಲಿನ ಓಣಿಯ ಹೆಂಗಸೊಬ್ಬಳು ಎದ್ದಳು. “ಒಂದು ಮನಿ ಹೊಲಸು ತೊಳಿಯಾಕ ಇಡೀ ಊರಿಗೆ ಬಳೀತೀಯೇನ?”

“ಮಷೀನಿಗೆ ಏನ್ ಗೊತ್ತಲೇ, ಉಪ್ಪಾ ಕಾರಾ?” ಎಂದೊಬ್ಬ. ನಾಲ್ಕು ಜನ ನಕ್ಕರು.

ಸಂಗನಗೌಡರು ಎದ್ದು ಕೊಡೆಯನ್ನು ನೆಲಕ್ಕೆ ಕುಟ್ಟಿದರು. “ಭರಮಪ್ಪ ತಗದಿದ್ದು ಖರೇ ಅಂತ ಆಕೀನ ಹೇಳ್ಯಾಳ. ಕಮಿಟಿ ಮಾತು ಅಲ್ಲಿಗೆ ಮುಗೀತು. ಉಳಿದದ್ದು ಕತಿ.” ಕಟ್ಟೆಯ ಹತ್ತಿರ ಬಂದು, ಅವಳಿಗಷ್ಟೇ ಕೇಳುವ ಹಾಗೆ ಅಂದರು, “ದಾರಿ ಮಾಡಿಕೊಟ್ಟಿದ್ನೆಲ್ಲ ತಂಗಿ.”

ಜನ ಚದುರಿದರು. ಹಲಗೆ ಬಾರಿಸಲಿಲ್ಲ. ಫಕೀರಪ್ಪ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದ. ತುಳಸವ್ವ ಅವನ ಕೈಗೆ ಒಂದಿಷ್ಟು ಕಡಲೆ ಹಾಕಿ, “ಏನಂದ್ಳೋ ನಿನ್ನ ಮಗಳು, ನನಗ ಅರ್ಧಾನೂ ಕೇಳಸಲಿಲ್ಲ,” ಅಂದಳು.

*

ಹನ್ನೊಂದನೆಯ ದಿನ ಹೊಸ್ತಿಲ ಒಳಗಿಟ್ಟಿದ್ದ ಹಿತ್ತಾಳೆಯ ತಂಬಿಗೆ ಹೋಯಿತು. ಫಕೀರಪ್ಪ ಮನೆಯೆಲ್ಲ ಹುಡುಕಿದ, ತಾನೇ ಎಲ್ಲೋ ಇಟ್ಟು ಮರೆತೆನೆಂದು. ಮಂಗಳವಾರ ಹಿತ್ತಲಿನ ಹಗ್ಗದಿಂದ ಕಸ್ತೂರಿಯ ಸೀರೆ ಹೋಯಿತು. ಅದಾದ ನಾಲ್ಕು ದಿನಕ್ಕೆ, ಇಬ್ಬರೂ ಸಂತೆಗೆ ಹೋಗಿದ್ದಾಗ, ಬಚ್ಚಲಿನ ತಾಮ್ರದ ಹಂಡೆಯನ್ನೇ ಯಾರೋ ಎತ್ತಿಕೊಂಡು ಹೋದರು. ಒಲೆಯ ಮೇಲೆ ಅದು ಕೂತ ಜಾಗ ದುಂಡಗೆ, ಮಸಿಯಿಲ್ಲದೆ ಬೆಳ್ಳಗೆ ಉಳಿದಿತ್ತು.

ಕಸ್ತೂರಿ ಆ ಬಿಳಿ ದುಂಡನ್ನು ನೋಡುತ್ತ ನಿಂತಳು. ಯಂತ್ರ ಹೇಳಿದ್ದು ಇದನ್ನೇ.

“ನಾ ಹೇಳಬಾರದಿತ್ತೇನಪ್ಪಾ?”

ಫಕೀರಪ್ಪ ಗೂಡಿನಿಂದ ಗಂಟು ಇಳಿಸಿದ. ಸುತ್ತಿಗೆ ತಂದ. ತೇಗದ ಕದಕ್ಕೆ ಅಗಳಿಯನ್ನು ಹಿಡಿದು, ಮೊಳೆಯಿಟ್ಟು ಹೊಡೆದ. ಮೊಳೆ ಬಾಗಿತು. ಇನ್ನೊಂದನ್ನೂ ಹೊಡೆದ, ಅದೂ ಬಾಗಿತು. ಆ ಸದ್ದಿಗೆ ಎದುರಿನ ಓಣಿಯ ಬಾಗಿಲುಗಳಲ್ಲಿ ಒಂದಿಬ್ಬರು ತಲೆ ಹಾಕಿದರು. ಕಸ್ತೂರಿ ಅಂಗಳದ ಕಡೆ ನೋಡಿದಳು. ಏಳು ಜನ ಬಂದು ನಿಲ್ಲುತ್ತಾರೆಂದು ಅವಳಿಗೆ ಹೆದರಿಕೆಯಾಯಿತು. ಬರಲಿ ಎಂದು ಆಸೆಯೂ ಆಯಿತು.

ಬಂದವನು ಒಬ್ಬನೇ, ಕಮ್ಮಾರ ಕಾಳಪ್ಪ. ಹಾದಿಯಲ್ಲಿ ಹೋಗುತ್ತಿದ್ದವನು ನಿಂತು ಸ್ವಲ್ಪ ಹೊತ್ತು ನೋಡಿದ.

“ಸಣ್ಣ ಮೊಳಿ ಅವು, ಫಕೀರಣ್ಣ. ಇದು ಹಳೀ ಕಟಗಿ, ತಡಕೊಳ್ಳಂಗಿಲ್ಲ. ತಡಿ.”

ಅವನು ಹೋಗಿ ಬೆರಳುದ್ದದ ನಾಲ್ಕು ಮೊಳೆ ತಂದ. ಹೊಸ್ತಿಲು ದಾಟಿ ಒಳಗೆ ಬಂದು, ತಾನೇ ಹಿಡಿದು ಬಡಿದು ಕೊಟ್ಟ. ಅವನ ಮನೆತನದಲ್ಲಿ ಯಾರೂ ಮಾಡದಿದ್ದ ಕೆಲಸ ಅದು. ಅವನ ಮುಖದಲ್ಲಿ ಅದರ ಗುರುತೇ ಇರಲಿಲ್ಲ. ನೀರು ಕೇಳಿ ಕುಡಿದು, “ಚಲೋ ಕಡದೀ ಬಿಡು ಅಗಳಿ,” ಎಂದು ಹೇಳಿ ಹೋದ.

ಫಕೀರಪ್ಪ ಕದ ಮುಚ್ಚಿ ಅಗಳಿ ಸರಿಸಿದ. ಎಣ್ಣೆಯುಂಡ ಕಬ್ಬಿಣ ಸದ್ದಿಲ್ಲದೆ ಹೋಗಿ, ಕೊನೆಯಲ್ಲಿ ಮಾತ್ರ ಟಕ್ ಎಂದಿತು. ತೆಗೆದ. ಮತ್ತೆ ಹಾಕಿದ. ಆಮೇಲೆ ಗುಂಡುಕಲ್ಲನ್ನು ಕಾಲಿನಿಂದ ಮೂಲೆಗೆ ಉರುಳಿಸಿ, ಅದರ ಮೇಲೆಯೇ ಕೂತ.

“ಈಗ ನಾವೂ ಎಲ್ಲಾರಂಗ ಆದ್ವಿ, ಕಸ್ತೂರಿ.”

ಅವಳು ಗೋಡೆಗೆ ಆತು ನಿಂತಿದ್ದಳು. ಹಗಲಿನಲ್ಲೇ ಮನೆಯೊಳಗೆ ಕತ್ತಲಾಗಿತ್ತು. ಆ ಕದ ಹಗಲಲ್ಲಿ ಸಂದಿಲ್ಲದೆ ಮುಚ್ಚಿದ್ದನ್ನು ಅವಳು ನೋಡಿರಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಹೊರಗೆ ಹೆಜ್ಜೆಯ ಸದ್ದಾಯಿತು. ಯಾರೋ ಕದವನ್ನು ಕಾಲಿನಿಂದ ದೂಡಿದರು. ಕದ ಅಲುಗಲಿಲ್ಲ. ಮತ್ತೊಮ್ಮೆ ದೂಡಿದರು. ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು; ಆಮೇಲೆ, ಅನುಮಾನದಿಂದ ಎಂಬಂತೆ, ಒಂದು ಮುದಿ ಬೆರಳು ತೇಗದ ಮೇಲೆ ಮೂರು ಸಲ ಬಡಿಯಿತು.

ಇನ್ನೂರ ನಲವತ್ತು ವರ್ಷದಲ್ಲಿ ಆ ಮನೆಯ ಒಳಗಿನಿಂದ ಯಾರೂ ಕೇಳದಿದ್ದ ಮಾತನ್ನು ಫಕೀರಪ್ಪ ಕೂತಲ್ಲಿಂದಲೇ ಕೇಳಿದ.

“ಯಾರು?”